ಕಿತ್ತಳೆ ಮುಗಿಯುವವರೆಗೆ

ನನ್ನ ಅಕ್ಕನ ಗಂಡ ನೂಲಿನ ಗಿರಣಿಯ ಬೆಂಕಿ ಆರಿಸುವ ಲಾರಿಯ ಡ್ರೈವರ್. ನಾನು ಅದೇ ಗಿರಣಿಯ ಸ್ಟೋರ್ ಕೀಪರ್. ಹದಿನಾಲ್ಕು ವರ್ಷಗಳಲ್ಲಿ ಆ ಕೆಂಪು ಲಾರಿ ನಿಜವಾದ ಬೆಂಕಿಗೆ ಹೋಗಿದ್ದು ಮೂರೇ ಸಲ. ಅದರಲ್ಲೂ ಒಂದು ಸಲ ಕ್ಯಾಂಟೀನಿನ ಬಾಣಲೆ. ಪೈಪು ಬಿಚ್ಚುವಷ್ಟರಲ್ಲಿ ಅಡುಗೆಯವನೇ ಮುಚ್ಚಳ ಹಾಕಿ ಆರಿಸಿಬಿಟ್ಟಿದ್ದ. ಭಾವನದು ಕೂತು ತಿನ್ನುವ ಕೆಲಸ ಎಂದು ಗಿರಣಿಯವರೆಲ್ಲ ಆಡಿಕೊಳ್ಳುತ್ತಿದ್ದರು. ಸುಳ್ಳೇಕೆ ಹೇಳಲಿ, ನಾನೂ ಆಡಿಕೊಂಡಿದ್ದೇನೆ.

ಆದರೆ ಆ ಮನುಷ್ಯ ಒಂದು ಮಂಗಳವಾರವನ್ನೂ ತಪ್ಪಿಸಿದವರಲ್ಲ. ಬೆಳಿಗ್ಗೆ ಎಂಟಕ್ಕೆ ನನ್ನ ಹತ್ತಿರ ಕೀಲಿ ಇಸಿದುಕೊಂಡು, ಟ್ಯಾಂಕಿನ ತುಂಬ ನೀರು ಹೊತ್ತ ಲಾರಿಯನ್ನು ಹೊರಗೆ ತೆಗೆಯುವರು. ಮುಖ್ಯರಸ್ತೆಯಲ್ಲಿ ಒಂದು ಗಂಟೆ ಓಡಿಸಿ, ಕೊನೆಗೆ ಗುಡ್ಡದ ಮೇಲಿನ ಹತ್ತಿ ಗೋದಾಮಿನವರೆಗೆ ಏರು ಹತ್ತಿಸಿ ಇಳಿಸುವರು. ಆ ಗೋದಾಮಿನಲ್ಲಿ ಹನ್ನೆರಡು ಜನ ಹೆಂಗಸರು ಹತ್ತಿ ಆರಿಸುತ್ತಾರೆ, ಅವರಿಗೆ ಮೇಸ್ತ್ರಿ ನನ್ನ ಅಕ್ಕ. ಶೆಡ್ಡಿಗೆ ವಾಪಸ್ಸಾದ ಮೇಲೆ ಭಾವ ಕೂಡಲೇ ಎಂಜಿನ್ ಆರಿಸುತ್ತಿರಲಿಲ್ಲ. ಸೀಟಿನಲ್ಲೇ ಕೂತು ಅಂಗಿ ಜೇಬಿನಿಂದ ಕಿತ್ತಳೆ ತೆಗೆದು, ಸುಲಿದು, ಒಂದೊಂದೇ ತೊಳೆ ತಿನ್ನುವರು. ಕಡೆಯ ತೊಳೆ ಬಾಯಿಗೆ ಹೋದ ಮೇಲೆಯೇ ಕೀಲಿ ತಿರುಗುವುದು.

"ಭಾವ, ಹಣ್ಣು ಮನೇಲಿ ತಿನ್ನಬಾರ್ದಾ?" ಎಂದು ಒಮ್ಮೆ ಕೆಣಕಿದೆ.

"ಎಂಜಿನ್‌ಗೆ ಗಾಳಿ ಊದೋ ಟರ್ಬೊ ಅನ್ನೋದು ಬುಗುರಿ ಥರ ಕಣೋ. ನಿಮಿಷಕ್ಕೆ ಲಕ್ಷ ಸುತ್ತು ತಿರುಗಿ ಕೆಂಡ ಆಗಿರುತ್ತೆ. ಟಕ್ ಅಂತ ಎಂಜಿನ್ ನಿಲ್ಸಿದ್ರೆ ಅಲ್ಲಿರೋ ಆಯಿಲ್ ಸುಟ್ಟು ಕರಕಲಾಗುತ್ತೆ. ಎರಡು ನಿಮಿಷ ಸುಧಾರಿಸ್ಕೊಳ್ಳಿ ಬಿಡು. ಗಡಿಯಾರ ನೋಡ್ತಾ ಕೂರೋ ತಾಳ್ಮೆ ನನಗಿಲ್ಲ, ಅದಕ್ಕೇ ಹಣ್ಣು."

ಅಕ್ಕನಿಗೆ ಮಾತ್ರ ಆ ಹಣ್ಣಿನ ಮೇಲೆ ಕೆಂಡದಂಥ ಕೋಪ. ಜೇಬಿನ ಹಳದಿ ಕಲೆ ಉಜ್ಜಿ ಉಜ್ಜಿ ಅವಳ ಕೈ ಸೋತಿತ್ತು. "ಇವರು ಕಟ್ಕೊಂಡಿದ್ದು ನನ್ನನ್ನೋ ಆ ಲಾರೀನೋ ದೇವರಿಗೇ ಗೊತ್ತು" ಎಂದು ದಿನಾ ಬೈಯುತ್ತಿದ್ದಳು. ಭಾವ ಅದನ್ನು ರೇಡಿಯೊ ಕೇಳಿದ ಹಾಗೆ ಕೇಳುತ್ತ ಊಟ ಮಾಡುವರು.

ಹೀಗಿರುವಾಗ ಹೊಸ ಮ್ಯಾನೇಜರ್ ಬಂದರು. ಓಡಿಸಿದರೆ ಗಾಡಿ ಸವೆಯುತ್ತದೆ, ನಿಂತ ಗಾಡಿಗೆ ಏನಾಗುತ್ತದೆ ಎಂಬುದು ಅವರ ವಾದ. ಇನ್ನು ಲಾರಿ ಶೆಡ್ಡು ಬಿಟ್ಟು ಕದಲಕೂಡದು, ಡ್ರೈವರ್ ಗೇಟಿನಲ್ಲಿ ಕೂರಲಿ, ಸ್ಟೋರ್ ಕೀಪರ್ ದಿನಾ ಐದು ನಿಮಿಷ ಸ್ಟಾರ್ಟ್ ಮಾಡಿ ಆರಿಸಲಿ ಎಂದು ಆರ್ಡರಾಯಿತು. ನನಗೋ ಒಳಗೊಳಗೇ ಖುಷಿ. ದೊಡ್ಡ ಜವಾಬ್ದಾರಿ ಸಿಕ್ಕಂತೆ ಬೀಗಿದೆ.

"ಐದು ನಿಮಿಷ ಗುರುಗುಟ್ಟಿಸಿ ಆರಿಸೋದಕ್ಕಿಂತ ಮುಟ್ಟದೇ ಇರೋದೇ ವಾಸಿ" ಎಂದು ಭಾವ ಗೇಟಿನಿಂದಲೇ ಕೂಗಿದರು. ಹೊಟ್ಟೆಕಿಚ್ಚು ಎಂದುಕೊಂಡೆ. ಮೂರು ತಿಂಗಳು, ಒಂದು ದಿನವೂ ಬಿಡದೆ, ಆ ಎಂಜಿನ್ನನ್ನು ನನ್ನ ಕೈಯಾರೆ ಹಾಳು ಮಾಡಿದೆ.

ಮ್ಯಾನೇಜರು ಹತ್ತು ದಿನ ರಜೆಗೆ ಹೋದಾಗ ಭಾವ ಸ್ಟೋರಿಗೆ ಬಂದರು. ನನ್ನನ್ನು ಲಾರಿಯ ಹತ್ತಿರ ಕರೆದೊಯ್ದು, ಆಯಿಲ್ ಅಳೆಯುವ ಕಡ್ಡಿ ಎಳೆದು ಮೂಗಿಗೆ ಹಿಡಿದರು. ಡೀಸೆಲ್ ಗಮ್ಮೆಂದಿತು.

"ಬಿಸಿಯಾಗೋಕೆ ಮುಂಚೆನೇ ಆರಿಸ್ತೀಯ. ಉರಿಯದ ಡೀಸೆಲ್ ಆಯಿಲ್‌ಗೆ ಇಳಿಯುತ್ತೆ, ಮಸಿ ಟರ್ಬೊಗೆ ಮೆತ್ಕೊಳ್ಳುತ್ತೆ. ಈ ಲಾರಿ ಇವತ್ತು ಏರು ಹತ್ತಲ್ಲ. ಮೇಲಿರೋದು ಬರೀ ಹತ್ತಿ ಅಲ್ಲ ಕಣೋ, ನಿನ್ನ ಅಕ್ಕ ಇದ್ದಾಳೆ. ಕೀಲಿ ಕೊಡು."

ಕೊಟ್ಟೆ. ಜೊತೆಗೆ ನಾನೂ ಹತ್ತಿದೆ. ಗುಡ್ಡದ ತಿರುವಿನಲ್ಲಿ ಲಾರಿ ಏದುಸಿರು ಬಿಟ್ಟು, ಕಪ್ಪು ಹೊಗೆ ಕಾರಿ, ನಿಂತೇಬಿಟ್ಟಿತು. ಭಾವ ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಎರಡು ದಿನ ಅವರೂ ಗ್ಯಾರೇಜಿನ ಮೆಕ್ಯಾನಿಕ್ಕೂ ಟರ್ಬೊ ಬಿಚ್ಚಿ, ಗಟ್ಟಿಯಾದ ಮಸಿ ಕೆರೆದು, ಆಯಿಲ್ ಬದಲಾಯಿಸಿದರು. ಆಮೇಲೆ ದಿನಾ ಒಂದು ಗಂಟೆ ರಸ್ತೆ, ದಿನಾ ಒಂದು ಏರು, ದಿನಾ ಒಂದು ಕಿತ್ತಳೆ. ರಜೆ ಮುಗಿಸಿ ಬಂದ ಮ್ಯಾನೇಜರ್ ಕೆಂಡಾಮಂಡಲವಾದರು. ಕೆಲಸದಿಂದ ಏಕೆ ತೆಗೆಯಬಾರದು ಎಂದು ಭಾವನಿಗೆ ನೋಟಿಸು ಬಂತು. ಮಾಡಿದ ತಪ್ಪು ನನ್ನದು, ಕೇಡು ಅವರ ತಲೆಗೆ. "ಮೂರು ದಿನ ಟೈಮಿದೆಯಲ್ಲ, ಉತ್ತರ ಬರೆಯೋಣ" ಎಂದು ಭಾವ ಕಾಗದ ಮಡಿಸಿ ಜೇಬಿಗಿಟ್ಟುಕೊಂಡರು.

ಮೂರನೆಯ ದಿನ, ಮಧ್ಯಾಹ್ನದ ಊಟದ ಹೊತ್ತು, ಸೈರನ್ ಕೂಗಿತು. ಗುಡ್ಡದ ಮೇಲೆ ಹೊಗೆ.

ಭಾವ ಗೇಟಿನಿಂದ ಓಡಿ ಬಂದರು. ನಾನು ಕೀಲಿ ಎಸೆದು, ಪೈಪು ಹಿಡಿಯುವ ಕೆಲಸಗಾರರ ಜೊತೆ ಹಿಂದೆ ನೇತಾಡಿದೆ. ಅಂದು ನಿಂತಿದ್ದ ತಿರುವು ಬಂದಾಗ ಕಂಬಿಯನ್ನು ಬಿಗಿಯಾಗಿ ಹಿಡಿದೆ. ಲಾರಿಗೆ ಅಲ್ಲೊಂದು ತಿರುವಿದೆ ಎಂಬುದೇ ಗೊತ್ತಾಗಲಿಲ್ಲ, ಹಾಗೆ ಹತ್ತಿತು. ಬಾಗಿಲಿಗೆ ಅಡ್ಡವಾಗಿ ಹತ್ತಿ ಮೂಟೆಗಳು ಉರಿಯುತ್ತಿದ್ದವು. ನೀರು ದಾರಿ ಬಿಡಿಸಿದ ಮೇಲೆ ಹೆಂಗಸರು ಒಬ್ಬೊಬ್ಬರಾಗಿ ಹೊರಗೆ ಬಂದರು. ಹನ್ನೆರಡು ತಲೆ ಎಣಿಸಿಕೊಂಡು ಅಕ್ಕ ಎಲ್ಲರಿಗಿಂತ ಕೊನೆಗೆ ಬಂದಳು. ಮೇಸ್ತ್ರಿಯಲ್ಲವೇ.

ಗಂಟೆ ಹೊತ್ತು ನೀರು ಹೊಡೆದ ಮೇಲೆ ಬೆಂಕಿ ಆರಿತು. ಮ್ಯಾನೇಜರ್ ಏದುತ್ತ ಬಂದು ಲಾರಿಯ ಬಾಗಿಲಿಗೆ ಕೈ ಚಾಚಿದರು. "ಸಾಕು, ಆಫ್ ಮಾಡಿ ಇಳಿದು ಬನ್ನಿ. ಆ ನೋಟಿಸು ಮರೆತುಬಿಡಿ."

"ಎರಡು ನಿಮಿಷ ಸರ್" ಎಂದ ಭಾವ ಜೇಬಿಗೆ ಕೈ ಹಾಕಿದರು. ಬಂದದ್ದು ಆ ನೋಟಿಸು. ಹಣ್ಣು ಗೇಟಿನಲ್ಲೇ ಉಳಿದಿತ್ತು.

ಅಷ್ಟರಲ್ಲಿ ಅಕ್ಕ, ಮುಖವೆಲ್ಲ ಮಸಿ, ಆ ಕಡೆಯಿಂದ ಹತ್ತಿ ಪಕ್ಕದ ಸೀಟಿನಲ್ಲಿ ಕುಸಿದಳು.

"ಹಣ್ಣಿಲ್ಲ ಕಣೆ. ದಿನಾ ಬೈತೀಯಲ್ಲ, ಎರಡು ನಿಮಿಷ ಅದನ್ನೇ ಬೈತಾ ಇರು."

"ಜೇಬೆಲ್ಲ ಕಲೆ ಮಾಡ್ಕೊಂಡು..." ಎಂದು ಶುರು ಮಾಡಿದಳು, ಮುಂದೆ ಆಗಲಿಲ್ಲ. ಅವರ ತೋಳು ಹಿಡಿದು ಬಿಕ್ಕಿ ಬಿಕ್ಕಿ ಅತ್ತಳು. ಭಾವ ಮುಂದಿನ ಗಾಜನ್ನೇ ನೋಡುತ್ತ ಎಂಜಿನ್ನಿಗೆ ಕಿವಿಗೊಟ್ಟು ಕೂತಿದ್ದರು. ಅವರ ಕಣ್ಣೂ ತುಂಬಿತ್ತು. ಮ್ಯಾನೇಜರು ಚಾಚಿದ ಕೈ ಹಾಗೇ ಇಟ್ಟುಕೊಂಡು ಕೆಳಗೆ ಕಾದರು. ನಾವೆಲ್ಲ ಕಾದೆವು.

"ಲಾರೀನೇ ಕಟ್ಕೋಬೇಕಿತ್ತು ನೀವು" ಎಂದು ಅಕ್ಕ ಮೂಗು ಒರೆಸಿಕೊಂಡಳು.

ಆಗ ಭಾವ ಕೀಲಿ ತಿರುಗಿಸಿದರು.