ಹುಳುಮನೆಗೆ ಬಂದ ಕಾಗದದ ಕೊಕ್ಕರೆಗಳು

ಡ್ರಾಯಿಂಗ್ ಮೇಷ್ಟ್ರು ಚಿನ್ನಸ್ವಾಮಿಯವರ ಕೈಗೆ ಸಿಕ್ಕ ಕಾಗದ ಕಾಗದವಾಗಿ ಉಳಿಯುತ್ತಿರಲಿಲ್ಲ. ಬಸ್ಸಿನ ಟಿಕೆಟ್ಟು, ಮದುವೆಯ ಕರೆಯೋಲೆ, ಒಮ್ಮೆ ನಾನು ತಿದ್ದಿ ಇಟ್ಟಿದ್ದ ಒಂಬತ್ತನೇ ತರಗತಿಯ ಉತ್ತರಪತ್ರಿಕೆ, ಎಲ್ಲವೂ ಕೊಕ್ಕರೆಗಳಾಗಿ ಸ್ಟಾಫ್ ರೂಮಿನ ಕಿಟಕಿಯಲ್ಲಿ ನೇತಾಡುತ್ತಿದ್ದವು. ಮೊದಲು ಎಡ ಅಂಗೈಯಲ್ಲಿ ಹೊಗೆಸೊಪ್ಪಿಗೆ ಸುಣ್ಣ ಹಾಕಿ ಉಜ್ಜಿ ದವಡೆಗೆ ಒತ್ತಿಕೊಳ್ಳುವುದು, ಆಮೇಲೆ ಅದೇ ಕೈಯಲ್ಲಿ ಮಡಿಕೆ ಹಾಕುವುದು. ಪ್ರತಿ ಕೊಕ್ಕರೆಯ ರೆಕ್ಕೆಯ ಮೇಲೂ ಕಂದು ಹೆಬ್ಬೆಟ್ಟಿನ ಗುರುತು ಇದ್ದೇ ಇರುತ್ತಿತ್ತು. ನನಗೆ ಅದನ್ನು ಕಂಡರೆ ಅಸಹ್ಯ.

ಮೈಸೂರಿನಲ್ಲಿ ಮೂರು ದಿನದ ತರಬೇತಿ ಮುಗಿಸಿ ಬಂದಾಗಿನಿಂದ ಹತ್ತಿದ ಗೀಳು ಇದು. ಸಾವಿರ ಕೊಕ್ಕರೆ ಮಡಿಸಿದರೆ ಶಾಂತಿ ಬರುತ್ತದೆ, ಜಪಾನಿನವರು ಹಾಗೆ ಮಾಡುತ್ತಾರೆ ಎಂದು ಅಲ್ಲಿ ಯಾರೋ ಹೇಳಿಕೊಟ್ಟಿದ್ದರು. ಹೂಗ್ಯಂನ ಕಾಡಂಚಿನಲ್ಲಿ ಹುಟ್ಟಿ, ಹೊಲಕ್ಕೆ ಬಂದ ಆನೆ ಓಡಿಸಿ ಬೆಳೆದ ಮನುಷ್ಯ ಇದನ್ನು ಹೇಗೆ ನಂಬಿದರೋ. "ಕೊಕ್ರೆ ಕೊಟ್ಟವ್ನ ಮ್ಯಾಲೆ ಯಾರ್ಗೂ ಕ್ವಾಪ ನಿಲ್ಲಕ್ಕಿಲ್ಲ ಕಣಮ್ಮ" ಎನ್ನುತ್ತಿದ್ದರು. ಕ್ರಿಕೆಟ್ ಬ್ಯಾಟಿಗಾಗಿ ಹೊಡೆದಾಡಿದ ಇಬ್ಬರು ಹುಡುಗರನ್ನು ಕೂರಿಸಿ, ಒಬ್ಬರಿಗೊಬ್ಬರು ಕೊಕ್ಕರೆ ಮಾಡಿಕೊಡಿ ಎಂದರು. ಮಾಡಿದರು. ಯಾರದು ನೆಟ್ಟಗಿದೆ ಎಂದು ಮತ್ತೆ ಹೊಡೆದಾಡಿ ಒಬ್ಬನ ತುಟಿ ಒಡೆಯಿತು. "ಇನ್ನೂ ಸಾವ್ರ ಆಗಿಲ್ವಲ್ಲ, ಅದ್ಕೆ" ಎಂದು ಮೇಷ್ಟ್ರು ನಕ್ಕರು. ಇಂಥ ದಡ್ಡರಿಗೂ ಸಂಬಳ ಬರುತ್ತದಲ್ಲ ಎಂದು ನಾನು ಅವರಿಗೆ ಕೇಳುವ ಹಾಗೆಯೇ ಹೇಳಿದ್ದೆ.

ಇವರನ್ನು ನಾನು ಮುಳ್ಳೂರಿನ ನಮ್ಮ ಮನೆಗೆ ಬಿಟ್ಟುಕೊಂಡದ್ದಕ್ಕೆ ಕಾರಣವಿದೆ. ನನ್ನ ಅವ್ವ ರೇಷ್ಮೆ ಹುಳು ಸಾಕುತ್ತಾಳೆ. ಪಕ್ಕದ ಹೊಲ ಚಿಕ್ಕಪ್ಪ ಮಾದಪ್ಪನದು. ಅವ್ವ ಸೊಸೆಯಾಗಿ ಬಂದಾಗ ಅವನಿಗೆ ಆರು ವರ್ಷ. ನೀರು ಹಾಕಿ, ಉಣ್ಣಿಸಿ ಬೆಳೆಸಿದವಳು ಅವಳೇ. ಒಂದು ದಿನ ಅವನು ತನ್ನ ಅರಿಶಿನಕ್ಕೆ ಔಷಧಿ ಹೊಡೆದ. ಗಾಳಿ ನಮ್ಮ ಹಿಪ್ಪುನೇರಳೆಯ ಕಡೆಗಿತ್ತು. ಆ ಸೊಪ್ಪು ತಿಂದ ಹುಳು ಅಷ್ಟೂ ಸತ್ತವು. ಅಂದಿನಿಂದ ಅತ್ತಿಗೆ ಮೈದುನರಿಗೆ ಮಾತಿಲ್ಲ. ಅವನು ಬೀದಿಯಲ್ಲಿ ಬಂದರೆ ಅವ್ವ ಒಳಗೆ ಹೋಗುತ್ತಿದ್ದಳು, ಹೋಗಿ ಅಳುತ್ತಿದ್ದಳು. ಆ ಅಳು ನೋಡಲಾಗದೆ ನಾನು ಸ್ಟಾಫ್ ರೂಮಿನಲ್ಲಿ ಬಾಯಿಬಿಟ್ಟೆ. ಮೇಷ್ಟ್ರು ಕಿವಿ ನಿಮಿರಿಸಿದರು.

ಒಂದು ಭಾನುವಾರ ಅವ್ವ ಕೊಳ್ಳೇಗಾಲಕ್ಕೆ ಹೋಗಿದ್ದಾಗ ಅವರು ಚೀಲ ಹೊತ್ತು ಬಂದರು. ಒಳಗೆ ನೂರೊಂದು ಕೊಕ್ಕರೆ. ದೊಡ್ಡದೊಂದರ ಮೇಲೆ 'ಅತ್ತಿಗೆಗೆ, ಮಾದಪ್ಪನಿಂದ' ಎಂದು ದುಂಡಗೆ ಬರೆದಿದ್ದರು. ಚಿಕ್ಕಪ್ಪನಿಗೆ ಇದರ ಸುದ್ದಿಯೇ ಇಲ್ಲ. "ಉಳುಮನೇಲಿ ನೇತಾಕ್ತೀನಿ. ನಿಮ್ಮವ್ವ ನೋಡಿ ಒಂದ್ಸಲ ನಕ್ಬುಟ್ರೆ ಸಾಕು, ಆಮ್ಯಾಕೆ ಅವುನ್ನೂ ಒಪ್ಪುಸ್ತೀನಿ" ಎಂದರು.

ಹುಳುಮನೆಗೆ ಹೊರಗಿನವರನ್ನು ಬಿಡುವ ಪದ್ಧತಿ ನಮ್ಮಲ್ಲಿಲ್ಲ. ಮನೆಯವರೂ ಬ್ಲೀಚಿಂಗ್ ನೀರಿನಲ್ಲಿ ಕೈಕಾಲು ಅದ್ದಿಯೇ ಒಳಗೆ ಹೋಗಬೇಕು. ಹೊಗೆಸೊಪ್ಪಿನ ಸೋಂಕು ತಗುಲಿದರೆ ಹುಳು ಉಳಿಯುವುದಿಲ್ಲ ಎಂಬುದು ಊರಿನ ಮಕ್ಕಳಿಗೂ ಗೊತ್ತು. ನಾನಂತೂ ವಿಜ್ಞಾನದ ಟೀಚರು. ಬೀಗ ತೆಗೆದುಕೊಟ್ಟು, ಬೇಗ ಕಟ್ಟಿ ಬನ್ನಿ ಎಂದು ಹೇಳಿ, ಅಂಗಳದಲ್ಲಿ ಫೋನಿನಲ್ಲಿ ಮಾತಾಡುತ್ತಾ ನಿಂತೆ. ತಿರುಗಿ ನೋಡಿದಾಗ ಅವರು ಮೂರನೇ ಅಟ್ಟಣೆಯ ಹುಳುಗಳಿಗೆ ಹಿಡಿ ಹಿಡಿ ಸೊಪ್ಪು ಹಾಕುತ್ತಾ, "ಎಂಗ್ ತಿಂತವೆ ನೋಡಮ್ಮ, ಮಳೆ ಉಯ್ದಂಗೆ ಸದ್ದು" ಎನ್ನುತ್ತಿದ್ದರು. ಕೈ ತೊಳೆದಿರಲಿಲ್ಲ.

ಸಂಜೆಗೆ ಆ ಅಟ್ಟಣೆಯ ಹುಳುಗಳೆಲ್ಲ ತಲೆ ಎತ್ತಿ ಹಸಿರು ನೀರು ಕಕ್ಕುತ್ತಿದ್ದವು. ಅವ್ವ ಮೇಲೆ ತೂಗುವ ಕೊಕ್ಕರೆಗಳನ್ನು ನೋಡಿದಳು. ದೊಡ್ಡದರ ಮೇಲಿನ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿದಳು. "ಔಸ್ದಿ ವಡ್ದು ಕೊಂದದ್ದು ಸಾಲ್ದು ಅಂತ ಈಗ ಮಾಟ ಮಾಡ್ಸಿ ಕಳ್ಸವ್ನೆ. ನಾನ್ ತುತ್ತಿಟ್ಟ ಮಗ ಕಣೆ ಅವ್ನು" ಎಂದಳು. ಚಿಕ್ಕಪ್ಪನ ಮನೆಯ ಮುಂದೆ ಕೊಕ್ಕರೆಗಳನ್ನು ಸುರಿದು ಬೆಂಕಿ ಹಚ್ಚಿದಳು. "ನಂಗೊತ್ತಿಲ್ಲ ಅತ್ಗೆ, ನಿಮ್ಮಾಣೆ" ಎಂದು ಅವನು ಕೈಮುಗಿದ. ಅವಳು ನಂಬಲಿಲ್ಲ. ಬೀಗ ಯಾರು ತೆಗೆದರು ಎಂದು ನನ್ನನ್ನು ಕೇಳಿದಳು. ಬೀಗದಕೈ ಮೊಳೆಯಲ್ಲಿತ್ತು, ನಾನು ಮಲಗಿದ್ದೆ ಎಂದೆ.

ಮರುದಿನ ಮೇಷ್ಟ್ರನ್ನು ಹಿಡಿದು ಜಾಡಿಸಿದೆ. "ನಿಮ್ಮವ್ವುಂಗೆ ಏಳ್ಬುಡ್ತೀನಿ ಕಣಮ್ಮ" ಎಂದರು.

"ಬ್ಯಾಡಿ ಸಾ. ನಾನು ಮಲ್ಗಿದ್ದೆ ಅಂದಿದೀನಿ. ಬಾಯ್ ಮುಚ್ಕಂಡಿರಿ."

ಮುಚ್ಚಿಕೊಂಡಿದ್ದರು, ಒಂದು ವರ್ಷ. ಕೊಕ್ಕರೆ ಮಡಿಸುವುದನ್ನು ಮಾತ್ರ ಬಿಡಲಿಲ್ಲ. ಮಾನ ಇದ್ದವನು ಮತ್ತೆ ಕಾಗದ ಮುಟ್ಟುತ್ತಿದ್ದನೇ ಎಂದು ನಾನು ಅವರೊಡನೆ ಮಾತೇ ಬಿಟ್ಟೆ.

ನಿವೃತ್ತಿಯಾಗಿ ಹೂಗ್ಯಂಗೆ ಹೊರಡುವ ಹಿಂದಿನ ದಿನ ಅವರು ಮುಳ್ಳೂರಿಗೆ ಬಂದರು. ಒಳಗೆ ಕರೆದರೂ ಬರಲಿಲ್ಲ, ಅಂಗಳದಲ್ಲೇ ನಿಂತರು. "ಕೊಕ್ರೆ ಕಟ್ದವ್ನು ನಾನು ಕಣವ್ವ. ವಗೆಸೊಪ್ಪಿನ ಕೈಲಿ ಉಳುಗೊಳ್ಗೆ ಸೊಪ್ಪಾಕ್ದೆ. ಮಾದಪ್ಪಂಗೆ ಏನೂ ಗೊತ್ತಿಲ್ಲ" ಎಂದರು.

ಅವ್ವ ಅಂಗಳಕ್ಕೆ ಇಳಿದಳು. "ಬೀಗ ಯಾರು ತಗುದ್ರು?"

ಮೇಷ್ಟ್ರು ನನ್ನ ಕಡೆ ನೋಡಲೂ ಇಲ್ಲ. "ಮೊಳೇಲಿತ್ತು, ನಾನೇ ತಕಂಡೆ. ನಿಮ್ ಮಗ್ಳು ಮಲ್ಗಿದ್ರು" ಎಂದರು.

"ಕಳ್ ನನ್ಮಗ್ನೆ" ಎಂದು ಅವ್ವ ಅವರ ಕಾಲ ಬಳಿ ಉಗಿದಳು. ಆಮೇಲೆ ಸೆರಗು ಸರಿಮಾಡಿಕೊಂಡು ಬರಿಗಾಲಲ್ಲೇ ಚಿಕ್ಕಪ್ಪನ ಮನೆಯತ್ತ ಓಡಿದಳು.

ನಾನು ಮೇಷ್ಟ್ರ ಹಿಂದೆ ಬಸ್ ನಿಲ್ಲುವ ಜಾಗದವರೆಗೂ ಹೋದೆ. "ಓಗಮ್ಮ, ಮನೇಲಿ ಊಟುಕ್ ಕಾಯ್ತಾರೆ" ಎಂದು ಬಸ್ ಹತ್ತಿದರು. ಮತ್ತೆ ಅವರನ್ನು ನೋಡಲಿಲ್ಲ.

ಮನೆಗೆ ಬಂದಾಗ ಚಿಕ್ಕಪ್ಪ ನಮ್ಮ ನಡುಮನೆಯಲ್ಲಿ ಮುದ್ದೆ ಮುರಿಯುತ್ತಿದ್ದ. ಅವ್ವ ಸಾರು ಬಡಿಸುತ್ತಾ, "ಆ ಮೇಷ್ಟ್ರಂಥ ನೀಚ ಮನ್ಸನ್ನ ನಾನ್ ಎಲ್ಲೂ ಕಂಡಿಲ್ಲ ಕಣೆ" ಎಂದಳು.

"ಊ ಕಣವ್ವ" ಎಂದೆ, ತಟ್ಟೆಯ ಮುಂದೆ ಕೂರುತ್ತಾ.