ಮುದ್ದೆ ಇಳೀತದಾ?

ಎಂಬಿಬಿಎಸ್‌ನಲ್ಲಿ ಜೊತೆಗೆ ಓದಿದ ನನ್ನ ಗೆಳೆಯನಿಗಿಂತ ನನಗೇ ಮಾರ್ಕ್ಸು ಜಾಸ್ತಿ. ಆದರೂ ತೊಂಬತ್ತರ ದಶಕ ಮುಗಿಯೋ ಹೊತ್ತಿಗೆ ಅವನು ತುಮಕೂರಲ್ಲಿ ದೊಡ್ಡ ಸರ್ಜನ್, ನಾನು ಗುಬ್ಬಿಯಲ್ಲಿ ಜ್ವರ, ಕೆಮ್ಮಿಗೆ ಮಾತ್ರೆ ಬರೆಯೋನು. ಅನ್ನನಾಳದ ಕಾಯಿಲೆ ಬಗ್ಗೆ ಸಂಶೋಧನೆ ಅಂತ ಒಂದು ಸಂತೆ ದಿನ ನನ್ನ ಕ್ಲಿನಿಕ್ಕಿಗೇ ಬಂದು ಕೂತ. ವಯಸ್ಸಾದವರಿಗೆಲ್ಲ ಒಂದೇ ಪ್ರಶ್ನೆ: "ಮುದ್ದೆ ಇಳೀತದಾ?"

ಇದೂ ಒಂದು ಸಂಶೋಧನೆಯಾ ಅಂತ ಒಳಗೊಳಗೇ ನಕ್ಕೆ.

"ನಮ್ಮ ಜನ ಮುದ್ದೇನ ಅಗಿಯಲ್ಲ, ನುಂಗ್ತಾರೆ. ಅನ್ನನಾಳ ಕಿರಿದಾದ್ರೆ ಮೊದ್ಲು ಗೊತ್ತಾಗೋದು ಅಲ್ಲೇ ಕಣೋ" ಅಂದ.

ಅಷ್ಟರಲ್ಲಿ ನನ್ನ ಹಳೇ ಪೇಷೆಂಟ್ ಗೌರಮ್ಮ, "ಎದೇಲೇ ನಿಂತ್ಕತದೆ ಕಣಪ್ಪ. ಮುದ್ದೆ ಬಿಟ್ಟು ಆರು ತಿಂಗ್ಳಾಯ್ತು" ಅಂದರು. ಅವನು ಮಾರನೇ ದಿನವೇ ತುಮಕೂರಿಗೆ ಎಂಡೋಸ್ಕೋಪಿಗೆ ಬರೋಕೆ ಹೇಳಿದ.

ಅವನೆದುರು ಬಿಟ್ಟುಕೊಡೋಕಾಗದೆ ನಾನು ಗದರಿದೆ: "ನನಗ್ಯಾಕಮ್ಮ ಹೇಳ್ಲಿಲ್ಲ?"

"ಹೇಳಿದ್ನಲ್ಲ ಡಾಕ್ಟ್ರೇ. ಹಂಗಾದ್ರೆ ಅನ್ನ ತಿನ್ನಮ್ಮ ಅಂದ್ರಿ."

ಆಪರೇಷನ್ ಆಗಿ ಗೌರಮ್ಮ ಉಳಿದರು. ಅವನ ಪ್ರಬಂಧ ಅಚ್ಚಾಯ್ತು. ಕೊನೆಯಲ್ಲಿ, ರೋಗಿಗಳನ್ನು ಗುರುತಿಸಲು ನೆರವಾದದ್ದಕ್ಕೆ ನನಗೆ ಕೃತಜ್ಞತೆ. ಆರು ತಿಂಗಳು ತಡವಾಗಿ ಅಂತ ಸೇರಿಸದೆ ಬಿಟ್ಟಿದ್ದ. ಆ ದೊಡ್ಡತನ ಕಂಡರೂ ನನಗೆ ಹೊಟ್ಟೆಕಿಚ್ಚೇ.