ಬಣ್ಣ ಬಿಡದ ದ್ರಾವಣ

ಕೈಗುಣ, ದೃಷ್ಟಿ, ಶಾಪ ಇವೆಲ್ಲ ಕೆಲಸ ಬಾರದವರ ನೆಪ ಎಂದು ನಾನು ಬಹಳ ಕಾಲ ಹೇಳಿಕೊಂಡು ತಿರುಗಿದೆ. ಈಗಲೂ ಹಾಗೆಯೇ ಹೇಳಬೇಕೆಂದು ಆಸೆ. ಆದರೆ ವಡೋದರಾದ ಆ ಒಂದು ಮಧ್ಯಾಹ್ನ ನೆನಪಾದರೆ ಬಾಯಿ ಕಟ್ಟುತ್ತದೆ.

ತೊಂಬತ್ತರ ದಶಕದ ನಡುಭಾಗ. ಸಂಶೋಧನೆಗೆಂದು ಧಾರವಾಡದಿಂದ ಹೋಗಿ ಅಲ್ಲಿನ ಫತೇಗಂಜ್ ಬಡಾವಣೆಯ ಹಾಸ್ಟೆಲಿನಲ್ಲಿದ್ದೆ. ಗೋಬರ್ ಗ್ಯಾಸ್ ಗುಂಡಿಯ ಕೆಸರಿನಿಂದ ಒಂದು ಬ್ಯಾಕ್ಟೀರಿಯಾವನ್ನು ಬೇರ್ಪಡಿಸಲು ಎರಡು ವರ್ಷ ಮೂಗು ಮುಚ್ಚಿಕೊಂಡು ದುಡಿದಿದ್ದೆ. ಅದು ಗಾಳಿ ಸೋಕಿದರೆ ಸಾಯುವ ಜಾತಿ. ಅದಕ್ಕೆ ಆಹಾರವಾಗುವ ದ್ರಾವಣವನ್ನು ಕುದಿಸಿ, ಸಾರಜನಕ ಹಾಯಿಸಿ, ಒಳಗಿನ ಆಮ್ಲಜನಕವನ್ನೆಲ್ಲ ಓಡಿಸಬೇಕು. ದ್ರಾವಣಕ್ಕೆ ಸೇರಿಸುವ ಒಂದು ಬಣ್ಣವೇ ಇದಕ್ಕೆ ಸಾಕ್ಷಿ. ಗಾಳಿ ಇದ್ದರೆ ಗುಲಾಬಿ, ಹೋದರೆ ತಿಳಿ.

ನನ್ನ ಜೊತೆಗಿದ್ದವಳು ಸ್ಮಿತಾ. ರೈಲ್ವೆ ಅಧಿಕಾರಿಯ ಮಗಳು, ಅಲ್ಲೇ ಬೆಳೆದವಳು. ಕನ್ನಡದವಳಲ್ಲವೇ ಎಂದು ನಂಬಿ ನನ್ನ ನೋಟ್‌ಬುಕ್ ತೋರಿಸಿದ್ದೆ, ಬ್ಯಾಕ್ಟೀರಿಯಾದ ಒಂದು ಟ್ಯೂಬನ್ನೂ ಕೊಟ್ಟಿದ್ದೆ. ಅವಳು ಅದನ್ನು ತನ್ನದೇ ಶೋಧವೆಂದು ನಮ್ಮಿಬ್ಬರ ಗೈಡ್ ಮುಂದೆ ಓದಿಬಿಟ್ಟಳು. ಜಗಳಕ್ಕೆ ಹೋದರೆ, "ಅಕ್ಕಾ, ನಾನು ಸರ್‌ಗೆ ಏನೂ ಖೋಟು ಹೇಳಿಲ್ಲ. ನೀವು ಬೋಲ್ಯಾ ನಹಿ, ಅದಕ್ಕೇ ನಾನು ಹೇಳ್ದೆ" ಎಂದಳು. ನಾನು ಬಾಯಿ ಬಿಡದ್ದೇ ತಪ್ಪಂತೆ! ಸಂಕ್ರಾಂತಿ ಹಬ್ಬ ಮುಗಿದ ಮೇಲೆ ಇಬ್ಬರೂ ಹೊಸದಾಗಿ ಬೆಳೆಸಿ ತೋರಿಸಿ, ಬೆಳೆಸಿದವರಿಗೆ ಪ್ರಬಂಧದ ವಿಷಯ ಎಂದು ಗೈಡ್ ತೀರ್ಪು ಕೊಟ್ಟರು. ನನ್ನ ಹತ್ತಿರ ಜೀವವಿದ್ದ ಟ್ಯೂಬ್ ಒಂದೇ ಉಳಿದಿತ್ತು. ಸಂಜೆಯೊಳಗೆ ಹೊಸ ದ್ರಾವಣಕ್ಕೆ ದಾಟಿಸದಿದ್ದರೆ ಅದೂ ಸಾಯುವ ಸ್ಥಿತಿ ಬಂದದ್ದು ಸಂಕ್ರಾಂತಿಯ ದಿನ, ಅಲ್ಲಿಯವರ ಉತ್ತರಾಯಣ.

ಅಂದು ಊರಿಗೆ ಊರೇ ಮಾಳಿಗೆ ಹತ್ತಿ ಗಾಳಿಪಟ ಹಾರಿಸುತ್ತಿತ್ತು. ಲ್ಯಾಬಿನಲ್ಲಿ ನಾನೊಬ್ಬಳೇ. ಸ್ಮಿತಾ ಹಿಂದಿನ ದಿನ ತಯಾರಿಸಿಟ್ಟ ಹನ್ನೆರಡು ಬಾಟಲಿಗಳು ತಿಳಿಯಾಗಿ ಸಾಲಾಗಿ ನಿಂತಿದ್ದವು. ಸಿರಿಂಜ್ ತೆಗೆದುಕೊಂಡು ಒಂದೊಂದರ ರಬ್ಬರ್ ಬಿರಡೆಯನ್ನೂ ಚುಚ್ಚಿ ಗಾಳಿ ತುಂಬಿದೆ. ಹನ್ನೆರಡೂ ಗುಲಾಬಿಯಾಗುವವರೆಗೆ ನಿಂತು ನೋಡಿದೆ. ಸುಳ್ಳೇಕೆ ಹೇಳಲಿ, ಹೊಟ್ಟೆ ತಣ್ಣಗಾಯಿತು.

ಆಮೇಲೆ ನನ್ನ ದ್ರಾವಣ ಕುದಿಸಲಿಟ್ಟೆ. ಅರ್ಧ ಗಂಟೆಯಲ್ಲಿ ತಿಳಿಯಾಗಬೇಕಾದದ್ದು ಎರಡು ಗಂಟೆಯಾದರೂ ಆಗಲಿಲ್ಲ. ಕೊಳವೆ ಬದಲಿಸಿದೆ, ಸೋಪಿನ ನೀರು ಹಚ್ಚಿ ಸೋರಿಕೆ ಹುಡುಕಿದೆ, ಸಾರಜನಕದ ಹೊಸ ಸಿಲಿಂಡರ್ ಜೋಡಿಸಿದೆ. ಅದೇ ಗುಲಾಬಿ. ಬಾಗಿಲು ಕಾಯುವ ರಮಣಭಾಯಿ ಇಣುಕಿದ. ನನ್ನ ಮುಖ ನೋಡಿ ಮುದುಕನಿಗೆ ಕನಿಕರ ಬಂದಿರಬೇಕು. "ಬೆನ್, ತಮೆ ಜರಾ ಬಹಾರ್ ಬೇಸೋ," ಸ್ವಲ್ಪ ಹೊರಗೆ ಕೂತಿರಿ, ನಾನು ನೋಡಿಕೊಳ್ಳುತ್ತೇನೆ ಎಂದ.

ಮುಖ ತೊಳೆದು ಬಂದು ಬಾಗಿಲಿನಿಂದ ನೋಡಿದೆ. ದ್ರಾವಣ ಪೂರ್ತಿ ತಿಳಿಯಾಗಿತ್ತು! ರಮಣಭಾಯಿ ನಗುತ್ತಿದ್ದ. ನಾನು ಮೇಜಿನ ಹತ್ತಿರ ಹೋದೆ, ಏನನ್ನೂ ಮುಟ್ಟಲಿಲ್ಲ. ಗುಲಾಬಿ ಮತ್ತೆ ಬಂತು. ಗಾಳಿ ಹೊಕ್ಕರೆ ಬಣ್ಣ ಮೇಲಿನಿಂದ ಇಳಿಯಬೇಕು. ಇದು ತಳದಿಂದ ಏರಿತು. ಮೂರು ಸಲ ಹೊರಗೆ ಹೋಗಿ ಬಂದೆ, ಮೂರು ಸಲವೂ ಹಾಗೆಯೇ. ರಮಣಭಾಯಿ ನಗು ನಿಲ್ಲಿಸಿ, ನನ್ನ ಕಡೆ ನೋಡದೆ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಬ್ಯಾಕ್ಟೀರಿಯಾ ದಾಟಿಸುವ ಕೆಲಸ ಅವನಿಗೆ ಬಾರದು, ನಾನು ಹತ್ತಿರ ಹೋಗದೆ ಆಗದು. ಸಂಜೆಗೆ ನನ್ನ ಟ್ಯೂಬ್ ಸತ್ತಿತು.

ರಜೆ ಮುಗಿಸಿ ಬಂದ ಸ್ಮಿತಾ ಹನ್ನೆರಡು ಬಾಟಲಿಗಳನ್ನೂ ಚೆಲ್ಲಿ, ಅದೇ ಸಿಲಿಂಡರಿನಿಂದ, ಅದೇ ಕೊಳವೆಯಿಂದ ಹೊಸ ದ್ರಾವಣ ಮಾಡಿದಳು. ಅರ್ಧ ಗಂಟೆಗೆ ತಿಳಿಯಾಯಿತು. ಅವಳದು ಬೆಳೆಯಿತು, ವಿಷಯ ಅವಳ ಪಾಲಾಯಿತು. ನಾನು ಮುಂದೆ ಸೂರತ್‌ನಲ್ಲಿ ನೀರು ಪರೀಕ್ಷಿಸುವ ಕೆಲಸಕ್ಕೆ ಸೇರಿದೆ. ಅಲ್ಲಿಯೂ ಎರಡು ಸಲ ಅದೇ ದ್ರಾವಣ ಮಾಡಲು ಪ್ರಯತ್ನಿಸಿದೆ, ಎರಡು ಸಲವೂ ಗುಲಾಬಿ.

ಕೇಳಿದವರು ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಇರಲಿ, ಒಪ್ಪಿದೆ. ಚುಚ್ಚಿದ್ದಕ್ಕೆ ನನಗೆ ಶಿಕ್ಷೆಯಾಯಿತು. ಹಾಗಾದರೆ ಕದ್ದವಳ ಕೈಯಲ್ಲಿ ಅದು ಒಂದು ದಿನವಾದರೂ ಏಕೆ ಗುಲಾಬಿಯಾಗಿ ಉಳಿಯಲಿಲ್ಲ?